ಸರ್ಕಾರದ ಸಾಲ ಮೊಮ್ಮಕ್ಕಳ ತಲೆಗೆ ಬೀಳುತ್ತಾ?

ಕಾರವಾರದಲ್ಲಿ ಕಾಲೇಜು ಹುಡುಗರು, ನಿವೃತ್ತ ನೌಕರರು, ಘಟ್ಟದ ಮೇಲಿಂದ ಬಂದ ಕೆಲವು ಸಹಕಾರಿ ಸಂಘದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಮಾತಿನ ಓಟದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕ ಸೇರಿಸಿದ್ದೇನೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು ಕೊನೆಗೆ ಇವೆ.

ಪ್ರತಿ ವರ್ಷ ಬಜೆಟ್ ಮಂಡನೆಯಾದ ಮರುದಿನ ಒಂದು ಲೆಕ್ಕ ಮೊಬೈಲಿಂದ ಮೊಬೈಲಿಗೆ ಓಡಾಡುತ್ತದೆ. ರಾಜ್ಯದ ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ, ನಿಮ್ಮ ತಲೆ ಮೇಲೆ ಇಷ್ಟು ಸಾಲ, ಇವತ್ತು ಹುಟ್ಟಿದ ಕೂಸಿನ ತಲೆ ಮೇಲೂ ಇಷ್ಟೇ ಸಾಲ ಅಂತ. 2025-26ರ ಕರ್ನಾಟಕ ಬಜೆಟ್ ಅಂದಾಜಿನಂತೆ ವರ್ಷದ ಕೊನೆಗೆ ರಾಜ್ಯದ ಒಟ್ಟು ಸಾಲ ಸುಮಾರು 7.65 ಲಕ್ಷ ಕೋಟಿ ರೂಪಾಯಿ. ಏಳು ಕೋಟಿ ಜನ ಅಂತ ಹಿಡಿದರೆ ತಲೆಗೆ ಒಂದು ಲಕ್ಷ ದಾಟುತ್ತದೆ. ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಅದು ಅರ್ಧ ಲೆಕ್ಕ. ಸಾಲ ತಗೊಂಡವರನ್ನು ಎಣಿಸುತ್ತದೆ, ಕೊಟ್ಟವರನ್ನು ಎಣಿಸೋದಿಲ್ಲ. ಕೊಟ್ಟವರೂ ಬಹುಪಾಲು ನಮ್ಮವರೇ ಆಗಿದ್ದರೆ, ಅದೇ ಭಾಗಾಕಾರ ಮಾಡಿ ಆ ಕೂಸಿನ ತಲೆಗೆ ಇಷ್ಟು ಬರಬೇಕಾದ ಹಣವೂ ಇದೆ ಅಂತ ಹೇಳಬೇಕಾಗುತ್ತದೆ, ಅಲ್ವಾ?

ಅರ್ಥಶಾಸ್ತ್ರಜ್ಞರು ಇದೇ ಪ್ರಶ್ನೆಗೆ ಇನ್ನೂರು ವರ್ಷದಿಂದ ಜಗಳ ಆಡುತ್ತಿದ್ದಾರೆ. ಅವರೊಳಗೆ ಒಮ್ಮತ ಇಲ್ಲ. ಹಾಗಂತ ಯಾರಿಗೂ ಏನೂ ಗೊತ್ತಿಲ್ಲ ಅಂತಲ್ಲ. ಒಬ್ಬೊಬ್ಬರು ಹೊರೆಯ ಒಂದೊಂದು ಮಗ್ಗುಲನ್ನು ಹಿಡಿದಿದ್ದಾರೆ, ನಾವು ಅವನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲು ಒಂದು ಬಾಂಡನ್ನು, ಅಂದರೆ ಸರ್ಕಾರ ಸಾಲ ತಗೊಂಡು ಬರೆದುಕೊಡುವ ಪತ್ರವನ್ನು, ಹತ್ತಿರದಿಂದ ನೋಡೋಣ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ 50 ವರ್ಷದ ಬಾಂಡ್ ಮಾರಿತು. ಮೊತ್ತ 10,000 ಕೋಟಿ ರೂಪಾಯಿ. ಬಡ್ಡಿ 7.46%. ಅಸಲು ವಾಪಸ್ ಬರೋದು 2073ರಲ್ಲಿ. ಅಂದರೆ ವರ್ಷಕ್ಕೆ 746 ಕೋಟಿ ಬಡ್ಡಿ, ಆರು ತಿಂಗಳಿಗೊಮ್ಮೆ 373 ಕೋಟಿಯಂತೆ. 50 ವರ್ಷಕ್ಕೆ ಬಡ್ಡಿಯೇ 37,300 ಕೋಟಿ ಆಗುತ್ತದೆ. ಇಲ್ಲಿ ಕೂತಿರುವ ಡಿಗ್ರಿ ಹುಡುಗರು ಅಸಲು ತೀರುವ ಹೊತ್ತಿಗೆ ಎಪ್ಪತ್ತರ ಆಸುಪಾಸಿನಲ್ಲಿ ಇರುತ್ತಾರೆ. ಆಗ ತೆರಿಗೆ ಕಟ್ಟುವ ವಯಸ್ಸಿನವರಲ್ಲಿ ಹೆಚ್ಚಿನವರು ಈಗ ಹುಟ್ಟೇ ಇಲ್ಲ. ಇಷ್ಟು ಕೇಳಿದರೆ ಹುಟ್ಟದವರ ಮೇಲೆ ಹೊರೆ ಹೊರಿಸಿದ್ದೇವೆ ಅಂತಲೇ ಅನಿಸುತ್ತದೆ.

ಇಂಥ ಬಾಂಡನ್ನು ಕೊಳ್ಳೋದು ಯಾರು? ಮುಖ್ಯವಾಗಿ ಜೀವವಿಮಾ ಕಂಪನಿಗಳು, ಪೆನ್ಷನ್ ನಿಧಿಗಳು. ಅವರು ಹತ್ತಾರು ವರ್ಷದ ನಂತರ ಪಾಲಿಸಿದಾರರಿಗೆ, ಪೆನ್ಷನ್‌ದಾರರಿಗೆ ಹಣ ಕೊಡಬೇಕು. ಅದಕ್ಕೆ ಅಷ್ಟೇ ಉದ್ದದ, ಮುಳುಗದ ಹೂಡಿಕೆ ಬೇಕು. ಹಾಗಾಗಿ 2073ರಲ್ಲಿ ಒಬ್ಬನ ಜೇಬಿಂದ ತೆರಿಗೆಯಾಗಿ ಹೋಗುವ ಹಣ ಅದೇ 2073ರ ಇನ್ನೊಬ್ಬನ ಖಾತೆಗೆ ಬರುತ್ತದೆ. ಇನ್ನೊಂದು ವಿಷಯ. ಬೆಲೆಗಳು ವರ್ಷಕ್ಕೆ 5% ಏರುತ್ತಾ ಹೋದರೆ, ಅವತ್ತು ಹಿಂದಿರುಗಿಸುವ 10,000 ಕೋಟಿಗೆ ಬಾಂಡ್ ಮಾರಿದ ವರ್ಷದ ಬೆಲೆಯಲ್ಲಿ ಸುಮಾರು 870 ಕೋಟಿಯ ಕಿಮ್ಮತ್ತು ಮಾತ್ರ ಉಳಿಯುತ್ತದೆ. ಅಸಲಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬೆಲೆಯೇರಿಕೆಯಲ್ಲೇ ಕರಗಿರುತ್ತದೆ.

ಒಳಗಿನ ಸಾಲ ನಮಗೆ ನಾವೇ ಕೊಡಬೇಕಾದದ್ದು ಅನ್ನೋ ಈ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರು ಅರ್ಥಶಾಸ್ತ್ರಜ್ಞ ಅಬ್ಬಾ ಲರ್ನರ್. ಎರಡನೇ ಮಹಾಯುದ್ಧದ ಕಾಲದ ಮಾತು ಅದು. ಅಮೆರಿಕ, ಬ್ರಿಟನ್ ಎರಡೂ ಸಿಕ್ಕಾಪಟ್ಟೆ ಸಾಲ ಮಾಡುತ್ತಿದ್ದವು, ಮಕ್ಕಳ ಗತಿ ಏನು ಅಂತ ಎಲ್ಲರಿಗೂ ಭಯ. ಲರ್ನರ್ ಮತ್ತು ಅವರ ಜೊತೆಯವರು ಕೇಳಿದ್ದು ಸರಳ ಪ್ರಶ್ನೆ. 1943ರಲ್ಲಿ ಹಾರಿಸಿದ ಗುಂಡಿನ ಉಕ್ಕು ಎಲ್ಲಿಂದ ಬಂತು? 1943ರ ಕಾರ್ಖಾನೆಯಿಂದ. ಸೈನಿಕನ ಊಟ 1943ರ ಹೊಲದಿಂದ. 1980ರಿಂದ ಉಕ್ಕು, ಗೋಧಿ ತರುವ ದಾರಿ ಯಾವುದೂ ಇಲ್ಲ. ಹಾಗಾದರೆ ಯುದ್ಧದ ಖರ್ಚನ್ನು ಆ ಕಾಲದ ಜನರೇ ಕಮ್ಮಿ ಉಂಡು, ಜಾಸ್ತಿ ದುಡಿದು ಆಗಲೇ ಕೊಟ್ಟಾಗಿದೆ. ಮುಂದೆ ಉಳಿಯೋದು ಕಾಗದ, ಆ ಕಾಗದ ಇರೋದೂ ನಮ್ಮವರ ಕೈಯಲ್ಲೇ.

ನಮ್ಮ ಕಡೆಯ ಕೂಡು ಕುಟುಂಬದಲ್ಲಿ ಇಟ್ಟು ನೋಡಿ. ತಮ್ಮ ಅಣ್ಣನಿಂದ ಒಂದು ಲಕ್ಷ ಸಾಲ ತಗೊಂಡ. ಮನೆಯ ತೋಟದಲ್ಲಿ ಒಂದು ಅಡಿಕೆ ಮರ ಕಮ್ಮಿಯಾಗಲಿಲ್ಲ. ಹೊರಗಿನ ಸಾಹುಕಾರನಿಂದ ತಗೊಂಡಿದ್ದರೆ ಬಡ್ಡಿ ಮನೆಯ ಅಂಗಳ ದಾಟಿ ಹೋಗುತ್ತಿತ್ತು. ಈಗ ದಾಟೋದಿಲ್ಲ. ಲರ್ನರ್ ಹೇಳಿದ್ದು ಇದನ್ನೇ. ಹೊರದೇಶದ ಸಾಲ ಮಾತ್ರ ನಿಜವಾದ ಹೊರೆ ಅಂತ ಅವರೂ ಒಪ್ಪಿದ್ದರು.

ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದು ನಮಗೆ 1991ರಲ್ಲಿ ಗೊತ್ತಾಯಿತು. ಆಗ ನಮಗೆ ಕೊರತೆ ಬಿದ್ದದ್ದು ಡಾಲರಿನದು. ರೂಪಾಯಿಯನ್ನು ನಾವೇ ಅಚ್ಚು ಹಾಕಬಹುದು, ಡಾಲರನ್ನು ಹಾಕೋಕೆ ಬರೋದಿಲ್ಲ. 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡವಿಡಬೇಕಾಯಿತು. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಕೈಚೆಲ್ಲಿದ್ದೂ ವಿದೇಶಿ ಸಾಲದ ಕಂತು ಕಟ್ಟಲಾಗದೆ. ಜಪಾನಿನ ಸಾಲ ಅದರ ವರ್ಷದ ಉತ್ಪನ್ನದ ಎರಡು ಪಟ್ಟಿಗೂ ಮೇಲೆ ಇದೆ, ಆದರೆ ಬಹುಪಾಲು ಸ್ವಂತ ಹಣದಲ್ಲಿ, ಸ್ವಂತ ಜನರಿಗೆ. ಅದಕ್ಕೆ ಆ ಗತಿ ಬರಲಿಲ್ಲ. ನಮ್ಮ ಕೇಂದ್ರ ಸರ್ಕಾರದ ಸಾಲದಲ್ಲೂ ಹೊರದೇಶದ ಪಾಲು ಬಹಳ ಸಣ್ಣದು. ಹೆಚ್ಚಿನ ಸಾಲಪತ್ರಗಳು ನಮ್ಮ ಬ್ಯಾಂಕುಗಳು, ವಿಮಾ ಕಂಪನಿಗಳು, ಪಿಎಫ್ ನಿಧಿಗಳು, ರಿಸರ್ವ್ ಬ್ಯಾಂಕ್ ಕೈಯಲ್ಲಿವೆ.

ಇಲ್ಲಿಗೆ ನಿಲ್ಲಿಸಿದರೆ ಮನಸ್ಸಿಗೆ ಹಿತ. ನಿಲ್ಲಿಸೋ ಹಾಗಿಲ್ಲ.

1958ರಲ್ಲಿ ಜೇಮ್ಸ್ ಬುಕಾನನ್ ಲರ್ನರ್ ವಾದದ ಬುಡಕ್ಕೇ ಕೈ ಹಾಕಿದರು. ಮುಂದೆ, 1986ರಲ್ಲಿ, ನೊಬೆಲ್ ಪಡೆದವರು. ಅವರ ಮಾತು ಹೀಗೆ. ದೇಶ ಅನ್ನೋ ಒಬ್ಬ ಮನುಷ್ಯ ಇಲ್ಲ, ಹೊರೆ ಆಗೋದು ಬಿಡಿ ಬಿಡಿ ಜನರಿಗೆ. 1943ರಲ್ಲಿ ಬಾಂಡ್ ಕೊಂಡವನು ತ್ಯಾಗ ಮಾಡಿದನಾ? ಇಲ್ಲ. ಅವನು ತನ್ನಿಷ್ಟದಿಂದ ಹಣ ಕೊಟ್ಟು, ಅದಕ್ಕಿಂತ ಒಳ್ಳೆಯದು ಅಂತ ತನಗನಿಸಿದ ಕಾಗದ ತಗೊಂಡ. ಅವತ್ತು ಯಾರಿಗೂ ನೋವಿಲ್ಲ. ಮುಂದೆ ಒಂದು ದಿನ ಆ ಬಾಂಡ್ ತೀರಿಸಲು ತೆರಿಗೆ ಹಾಕುತ್ತಾರಲ್ಲ, ಅವತ್ತು ತೆರಿಗೆ ಕಟ್ಟುವವನಿಗೆ ಅದರ ಬದಲಿಗೆ ಏನೂ ಸಿಗೋದಿಲ್ಲ, ಒಲ್ಲೆ ಅನ್ನೋ ಹಕ್ಕೂ ಇಲ್ಲ. ಹೊರೆ ಬಿದ್ದದ್ದು ಅವನ ಮೇಲೆ.

ಅಣ್ಣತಮ್ಮಂದಿರ ಲೆಕ್ಕಕ್ಕೇ ವಾಪಸ್ ಬಂದರೆ, ಬುಕಾನನ್ ಕೇಳೋದು ಪಾಲಾದ ಮೇಲಿನ ಕಥೆಯನ್ನು. ಅಣ್ಣನ ಮಕ್ಕಳ ಕೈಯಲ್ಲಿ ಪತ್ರ, ತಮ್ಮನ ಮಕ್ಕಳ ಕೈಯಲ್ಲಿ ಬಾಕಿ. ಮನೆಯ ಆಸ್ತಿ ಒಟ್ಟಿಗೆ ಅಷ್ಟೇ ಇದೆ ಅಂತ ತಮ್ಮನ ಮಗಳಿಗೆ ಹೇಳಿ ನೋಡಿ, ಒಪ್ಪುತ್ತಾಳಾ?

ನನಗೆ ಈ ಇಡೀ ಚರ್ಚೆಯಲ್ಲಿ ಬಹಳ ನಾಟಿದ್ದು ಇದೇ ಮಾತು. ಇದಕ್ಕೆ ಕಣ್ಣು ತೆರೆಸುವ ಉದಾಹರಣೆ ಬ್ರಿಟನ್ನಿನದು. 1833ರಲ್ಲಿ ತನ್ನ ಬಹುತೇಕ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಲು ಕಾನೂನು ತಂದಾಗ ಬ್ರಿಟನ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಅದಕ್ಕಾಗಿ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಗುಲಾಮರ ಮೊಮ್ಮಕ್ಕಳ ಮೊಮ್ಮಕ್ಕಳಲ್ಲಿ ಯಾರು ಬ್ರಿಟನ್ನಿನಲ್ಲಿ ದುಡಿದು ತೆರಿಗೆ ಕಟ್ಟುತ್ತಿದ್ದರೋ ಅವರ ಹಣವೂ ಆ ಸಾಲಕ್ಕೆ ಹೋಯಿತು. ದೇಶದ ಒಟ್ಟು ಲೆಕ್ಕದಲ್ಲಿ ಇದು ಬರೀ ಒಳಗಿನ ಸಾಲ. ನಮಗೆ ನಾವೇ ಕೊಡಬೇಕಾದದ್ದು ಅನ್ನೋ ಮಾತಿನಲ್ಲಿ ಆ ನಾವು ಯಾರು, ನಮಗೆ ಅಂದರೆ ಯಾರಿಗೆ ಅಂತ ಕೇಳದಿದ್ದರೆ ಇಂಥದ್ದೆಲ್ಲ ಕಣ್ಣಿಗೆ ಬೀಳೋದೇ ಇಲ್ಲ.

ಈಗ ನಮ್ಮಲ್ಲಿಗೆ ಬನ್ನಿ. 2025-26ರ ಕೇಂದ್ರ ಬಜೆಟ್ ಅಂದಾಜಿನಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ ಇಟ್ಟಿದ್ದಾರೆ. ಕೇಂದ್ರಕ್ಕೆ ಬರುವ ರಾಜಸ್ವ, ಅಂದರೆ ಸಾಲ ಬಿಟ್ಟು ತೆರಿಗೆ ಮುಂತಾದವುಗಳ ಆದಾಯ, 34.20 ಲಕ್ಷ ಕೋಟಿ. 100 ರೂಪಾಯಿ ಬಂದರೆ 37 ರೂಪಾಯಿ ಬಡ್ಡಿಗೆ. ಆ 37 ರೂಪಾಯಿ ಹೋಗೋದು ಬ್ಯಾಂಕು, ವಿಮಾ ಕಂಪನಿ, ಪಿಎಫ್ ಮೂಲಕ ಕೊನೆಗೆ ಉಳಿತಾಯ ಇದ್ದವರಿಗೆ. ಬರೋದು ಎಲ್ಲರಿಂದ. ಕಾರವಾರದ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಬಂಗಡೆ ಮಾರುವ ಹೆಂಗಸು ಸೋಪಿಗೆ, ಬಿಸ್ಕತ್ತಿಗೆ, ಮೊಬೈಲ್ ರಿಚಾರ್ಜಿಗೆ ಜಿಎಸ್‌ಟಿ ಕಟ್ಟುತ್ತಾಳೆ. ಅವಳ ಹೆಸರಲ್ಲಿ ಠೇವಣಿ ಇಲ್ಲ, ಪಾಲಿಸಿ ಇಲ್ಲ, ಪಿಎಫ್ ಇಲ್ಲ. ಶಿರಸಿಯಲ್ಲಿ ನಾಲ್ಕೆಕರೆ ಅಡಿಕೆ ತೋಟ ಇದ್ದು, ಒಳ್ಳೆ ದರ ಬಂದ ವರ್ಷ ಬ್ಯಾಂಕಿನಲ್ಲಿ ಹಣ ಇಡುವ ಮನೆಗೆ ಬಡ್ಡಿ ಬರುತ್ತದೆ. ಅವರು ಮಾಡಿದ್ದು ತಪ್ಪಲ್ಲ. ಆದರೆ ಸಾಲ ಅನ್ನೋದು ಇವತ್ತಿಂದ ನಾಳೆಗೆ ಹರಿಯುತ್ತದೋ ಇಲ್ಲವೋ, ಕೆಳಗಿಂದ ಮೇಲಕ್ಕಂತೂ ಹರಿಯಬಹುದು. ಇಬ್ಬರ ಮಕ್ಕಳೂ ಒಂದೇ ತಲೆಮಾರು ಅಲ್ವಾ?

ಇದೇ ಪ್ರಶ್ನೆಗೆ ಪೆಟ್ರೋಲಿನ ಕಥೆ ಹೇಳಬೇಕು, ಅದರಲ್ಲಿ ಎಲ್ಲ ವಾದಗಳೂ ಒಟ್ಟಿಗೆ ಕಾಣುತ್ತವೆ. 2005ರಿಂದ 2010ರ ತನಕ ಕಚ್ಚಾ ತೈಲದ ಬೆಲೆ ಏರಿದಾಗ ಪೆಟ್ರೋಲು, ಡೀಸೆಲ್, ಗ್ಯಾಸು, ಸೀಮೆಎಣ್ಣೆಯ ಬೆಲೆಯನ್ನು ಸರ್ಕಾರ ಅದೇ ಪ್ರಮಾಣದಲ್ಲಿ ಏರಿಸಲಿಲ್ಲ. ನಷ್ಟಕ್ಕೆ ತೈಲ ಕಂಪನಿಗಳಿಗೆ ನಗದು ಕೊಡುವ ಬದಲು ಬಾಂಡ್ ಕೊಟ್ಟಿತು. 2014ರ ಹೊತ್ತಿಗೆ ಅದರಲ್ಲಿ ಸುಮಾರು 1.34 ಲಕ್ಷ ಕೋಟಿ ಬಾಕಿ ಇತ್ತು, ಕಂತುಗಳು 2026ರ ತನಕ ಹಬ್ಬಿದ್ದವು. 2008ರಲ್ಲಿ ಹುಟ್ಟಿದ ಮಗು ಈಗ ಹದಿನೆಂಟರ ಹೊಸ್ತಿಲಲ್ಲಿದೆ. ಅದರ ಅಪ್ಪ 2008ರಲ್ಲಿ ಬೈಕಿಗೆ ಹಾಕಿಸಿದ ಪೆಟ್ರೋಲಿನ ಬಾಕಿಯನ್ನು ಅದು ತಾನು ಕೊಂಡ ಪ್ರತಿ ಪೆನ್ಸಿಲ್, ಚಪ್ಪಲಿಯ ತೆರಿಗೆಯಲ್ಲಿ ತೀರಿಸುತ್ತಾ ಬಂದಿದೆ. ಬುಕಾನನ್ ಇದ್ದಿದ್ದರೆ ನೋಡಿ, ಇದೇ ನಾನು ಹೇಳಿದ್ದು ಅನ್ನುತ್ತಿದ್ದರು. ಲರ್ನರ್ ಇದ್ದಿದ್ದರೆ, ಪೆಟ್ರೋಲು 2008ರದ್ದು, ಅದನ್ನು ತರಿಸಲು ಬೇಕಾದ ಡಾಲರನ್ನು 2008ರ ದೇಶವೇ ಹೊಂದಿಸಿತು, ಆಮೇಲಿನ ಬಡ್ಡಿ ಹೋದದ್ದು ನಮ್ಮದೇ ಕಂಪನಿ, ಬ್ಯಾಂಕುಗಳಿಗೆ ಅನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೂರನೆಯವರೊಬ್ಬರು ಮಧ್ಯೆ ಬಾಯಿ ಹಾಕುತ್ತಾರೆ.

ಅವರು ಫ್ರಾಂಕೊ ಮೊದಿಲ್ಯಾನಿ, 1961ರಲ್ಲಿ. ಬಡ್ಡಿ ಯಾರ ಜೇಬಿಗೆ ಹೋಯಿತು ಅನ್ನೋದನ್ನು ಬಿಡಿ, ಆ ಹಣ ಸರ್ಕಾರಕ್ಕೆ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಹೇಳಿ ಅಂತ ಅವರ ಪ್ರಶ್ನೆ. ಜನರ ಉಳಿತಾಯದ ಒಂದು ಪಾಲು ಕಾರ್ಖಾನೆ, ಯಂತ್ರ, ದೋಣಿ, ತೋಟ ಆಗೋದರ ಬದಲು ಸರ್ಕಾರದ ಕಾಗದ ಆಯಿತು. ಹಾಗಾಗಿ ಮುಂದಿನವರಿಗೆ ಸಿಗೋ ಯಂತ್ರಗಳೇ ಕಮ್ಮಿ. ಹೊರೆ ಇರೋದು ಅಲ್ಲಿ. ನಮ್ಮಲ್ಲಿ ಬ್ಯಾಂಕುಗಳು ಠೇವಣಿಯ 18% ಪಾಲನ್ನು ಸರ್ಕಾರಿ ಸಾಲಪತ್ರಗಳಂಥ ಆಸ್ತಿಯಲ್ಲೇ ಇಡಬೇಕು ಅಂತ ನಿಯಮ ಇದೆ. ಕುಮಟೆಯ ಯಾವುದೋ ಶಾಖೆಯಲ್ಲಿ ನೀವಿಟ್ಟ 100 ರೂಪಾಯಿಯಲ್ಲಿ 18 ರೂಪಾಯಿ ಹಾಗೆ ಪಕ್ಕಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ಮೀನು ಸಂಸ್ಕರಣಾ ಘಟಕಕ್ಕೆ, ಮನೆ ಕಟ್ಟುವವರಿಗೆ, ಟೆಂಪೊ ಕೊಳ್ಳುವವರಿಗೆ ಸಾಲ.

ಇದು ಸರಿಯಾದ ಮಾತು, ಆದರೆ ಎಲ್ಲ ಕಾಲಕ್ಕೂ ಅಲ್ಲ. ಕಾರ್ಖಾನೆ ಬೀಗ ಹಾಕಿಕೊಂಡು, ಜನ ಕೆಲಸ ಇಲ್ಲದೆ ಕೂತಿರುವಾಗ ಖಾಸಗಿಯವರು ಸಾಲವನ್ನೇ ಕೇಳೋದಿಲ್ಲ. ಆಗ ಸರ್ಕಾರ ತಗೊಂಡರೆ ಯಾರ ಪಾಲನ್ನೂ ಕಿತ್ತುಕೊಂಡ ಹಾಗಾಗೋದಿಲ್ಲ. ಕೋವಿಡ್ ವರ್ಷ, 2020-21ರಲ್ಲಿ, ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯ ಸಾಲದೆ ಸಾಲ ಮಾಡಿ ತುಂಬಬೇಕಾದ ಮೊತ್ತ, ಜಿಡಿಪಿಯ 9.2% ಮುಟ್ಟಿತು. ಆದರೂ ಸರ್ಕಾರದ ಹತ್ತು ವರ್ಷದ ಸಾಲದ ಬಡ್ಡಿ 6% ಆಸುಪಾಸಿನಲ್ಲೇ ಇತ್ತು. ಆ ವರ್ಷ ಸಾಲ ಮಾಡಬಾರದಿತ್ತು ಅನ್ನುವವರು, ಮಾಡದಿದ್ದರೆ ಪಡಿತರದ ಅಕ್ಕಿ, ಉದ್ಯೋಗ ಖಾತರಿ ಕೂಲಿ ಎಲ್ಲಿಂದ ಬರುತ್ತಿತ್ತು ಅಂತಲೂ ಹೇಳಬೇಕು.

ನಾಲ್ಕನೆಯ ವಾದ ಹಳೆಯದು, ಬೇರು ಡೇವಿಡ್ ರಿಕಾರ್ಡೋ ತನಕ ಹೋಗುತ್ತದೆ. 1820ರಲ್ಲಿ ಅವರು ಕೊಟ್ಟ ಲೆಕ್ಕ ಇದು. ಒಂದು ಯುದ್ಧಕ್ಕೆ ವರ್ಷಕ್ಕೆ 2 ಕೋಟಿ ಪೌಂಡ್ ಬೇಕು. ಒಂದೇ ಸಲ ತೆರಿಗೆ ಎತ್ತಬಹುದು, ಅಥವಾ 5% ಬಡ್ಡಿಗೆ ಸಾಲ ಮಾಡಿ ವರ್ಷಕ್ಕೆ 10 ಲಕ್ಷ ಎಂದೆಂದಿಗೂ ಕಟ್ಟಬಹುದು, ಅಥವಾ ವರ್ಷಕ್ಕೆ 12 ಲಕ್ಷದಂತೆ 45 ವರ್ಷದಲ್ಲಿ ತೀರಿಸಬಹುದು. ಲೆಕ್ಕದಲ್ಲಿ ಮೂರೂ ಒಂದೇ. 1974ರಲ್ಲಿ ರಾಬರ್ಟ್ ಬ್ಯಾರೊ ಇದನ್ನು ಮುಂದುವರಿಸಿದರು. ತಂದೆತಾಯಿಗೆ ಮಕ್ಕಳ ಮೇಲೆ ಅಕ್ಕರೆ ಇದ್ದರೆ, ಸರ್ಕಾರ ಸಾಲ ಮಾಡಿದಷ್ಟೂ ನಾಳಿನ ತೆರಿಗೆ ನೆನೆದು ಅವರು ಜಾಸ್ತಿ ಉಳಿಸಿ ಮಕ್ಕಳಿಗೆ ಬಿಟ್ಟು ಹೋಗುತ್ತಾರೆ, ಹಾಗಾಗಿ ಹೊರೆ ದಾಟೋದೇ ಇಲ್ಲ ಅಂದರು. ಆದರೆ ಜನ ಹೀಗೆ ಲೆಕ್ಕ ಹಾಕೋದಿಲ್ಲ ಅಂತ ಸ್ವತಃ ರಿಕಾರ್ಡೋ ಅದೇ ಬರಹದಲ್ಲಿ ಹೇಳಿದ್ದರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನೋಡಿ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಊರಿನ ಮನೆಯಲ್ಲಿ. ಮಗ ನನಗಿಂತ ಹತ್ತು ಪಟ್ಟು ದುಡಿಯುತ್ತಾನೆ ಅಂತ ಗೊತ್ತಿರುವ ಅಪ್ಪ, ದೆಹಲಿಯ ಕೊರತೆ ಏರಿತು ಅಂತ ತನ್ನ ಖರ್ಚು ಕಮ್ಮಿ ಮಾಡಿ ಅವನಿಗಾಗಿ ಉಳಿಸುತ್ತಾನಾ? ಎಲೆಚುಕ್ಕಿ ರೋಗದಿಂದ ಸೊರಗಿದ ತೋಟಕ್ಕೆ ಔಷಧಿ ಹೊಡೆಸೋಕೇ ಸಂಘದಲ್ಲಿ ಸಾಲ ಎತ್ತಬೇಕಾದವನಿಗೆ ಉಳಿಸಲು ಏನಿದೆ? ಬ್ಯಾರೊ ಅವರ ಮಾತು ಬುದ್ಧಿಗೆ ಚೂಪು, ಆದರೆ ನಮ್ಮ ಮನೆಗಳಿಗೆ ಹೊಂದೋದು ಬಹಳ ಕಮ್ಮಿ ಅಂತ ನನ್ನ ಅಭಿಪ್ರಾಯ.

ಈಚಿನ ಮಾತು ಒಲಿವಿಯೆ ಬ್ಲಾಂಷಾರ್ ಅವರದು. ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದವರು. 2019ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಅವರು ಹೇಳಿದ್ದು, ದೇಶದ ಆದಾಯ ಬೆಳೆಯುವ ವೇಗಕ್ಕಿಂತ ಸಾಲದ ಬಡ್ಡಿ ಕಮ್ಮಿ ಇದ್ದರೆ ಸಾಲದ ಭಾರ ತಾನಾಗಿ ಇಳಿಯುತ್ತದೆ ಅಂತ. ಸುಮ್ನೆ ಲೆಕ್ಕ ಹಾಕಿ. ಆದಾಯ 100, ಸಾಲ 80. ಬಡ್ಡಿ 7%, ಬೆಲೆಯೇರಿಕೆಯನ್ನೂ ಸೇರಿಸಿ ಆದಾಯದ ಬೆಳವಣಿಗೆ 10%. ಬಡ್ಡಿಯನ್ನು ಪೂರ್ತಿ ಹೊಸ ಸಾಲದಿಂದಲೇ ಕಟ್ಟಿದರೂ ಮುಂದಿನ ವರ್ಷ ಸಾಲ 85.6, ಆದಾಯ 110. ನೂರಕ್ಕೆ 80 ಇದ್ದದ್ದು 78ಕ್ಕೆ ಇಳಿಯಿತು, ಯಾರ ಮೇಲೂ ಹೊಸ ತೆರಿಗೆ ಹಾಕದೆ. ಬಡ್ಡಿಯ ಮೇಲೆ ಇನ್ನಷ್ಟು ಸಾಲ ಎತ್ತುತ್ತಾ ಹೋದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಬೆಳವಣಿಗೆ 5%ಕ್ಕೆ ಕುಸಿದರೂ ಕೆಡುತ್ತದೆ. ಬಡ್ಡಿ ಯಾವಾಗಲೂ ಕೆಳಗೇ ಇರುತ್ತದೆ ಅಂತ ಬ್ಲಾಂಷಾರ್ ಕೂಡ ಭರವಸೆ ಕೊಟ್ಟಿಲ್ಲ.

ಇಷ್ಟು ದಾಟಿದರೆ ಅಪಾಯ ಅನ್ನೋ ಗೆರೆ ಏನಾದರೂ ಇದೆಯಾ? 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಸಾಲ ಜಿಡಿಪಿಯ 90% ಅನ್ನೋ ಗೆರೆ ತೋರಿಸಿದರು. ಅದನ್ನು ಹಿಡಿದು ಯುರೋಪಿನಲ್ಲಿ ಎಷ್ಟೋ ಕಡೆ ಖರ್ಚು ಕಡಿತಕ್ಕೆ ಸಮರ್ಥನೆ ಕೊಟ್ಟರು. 2013ರಲ್ಲಿ ಥಾಮಸ್ ಹರ್ಂಡನ್ ಅನ್ನೋ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆ ತರಿಸಿ ನೋಡಿದರೆ ಐದು ದೇಶಗಳ ಸಾಲುಗಳು ಸರಾಸರಿಯಲ್ಲಿ ಸೇರಿರಲೇ ಇಲ್ಲ. ಸಾಲ ಜಾಸ್ತಿ ಇದ್ದ ದೇಶಗಳು ಸ್ವಲ್ಪ ನಿಧಾನ ಬೆಳೆದವು ಅನ್ನೋದು ಉಳಿಯಿತು, ಗೆರೆ ಉಳಿಯಲಿಲ್ಲ. ಇಲ್ಲಿರುವ ವಿದ್ಯಾರ್ಥಿಗಳು ಇದನ್ನು ನೆನಪಿಡಿ, ದೊಡ್ಡವರ ಲೆಕ್ಕವನ್ನು ಮತ್ತೆ ಹಾಕಿ ನೋಡುವ ಹಕ್ಕು ನಿಮಗಿದೆ.

ಈಗ ನನ್ನ ಮಾತು. ಸಾಲದ ಮೊತ್ತ ನೋಡಿ ಮುಂದಿನವರಿಗೆ ಹೊರೆ ಆಯಿತೋ ಇಲ್ಲವೋ ಅಂತ ಹೇಳೋಕೆ ಆಗೋದಿಲ್ಲ. ನಾವು ಬಿಟ್ಟು ಹೋಗುವ ವಸ್ತುಗಳನ್ನೂ, ಆ ಸಾಲವನ್ನು ಯಾರಿಂದ ವಸೂಲಿ ಮಾಡಿ ಯಾರಿಗೆ ಕೊಡುತ್ತೇವೆ ಅನ್ನೋದನ್ನೂ ನೋಡಬೇಕು. ನಮ್ಮ ಕಾನೂನುಗಳು ನೋಡೋದು ಮೊತ್ತವನ್ನು ಮಾತ್ರ.

ಕೊಂಕಣ ರೈಲ್ವೆಯನ್ನೇ ತಗೊಳ್ಳಿ. 1990ರಲ್ಲಿ ನಿಗಮ ಶುರುವಾಯಿತು. ರೈಲ್ವೆ 51%, ಮಹಾರಾಷ್ಟ್ರ 22%, ಕರ್ನಾಟಕ 15%, ಗೋವಾ ಮತ್ತು ಕೇರಳ ತಲಾ 6% ಬಂಡವಾಳ ಹಾಕಿದವು. ಆದರೆ ಅದು ಒಟ್ಟು ಖರ್ಚಿನ ಸಣ್ಣ ಪಾಲು, ಉಳಿದದ್ದು ಬಹುಪಾಲು ಬಾಂಡ್ ಮಾರಿ ಎತ್ತಿದ ಸಾಲ. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಕಾರವಾರದಲ್ಲಿ ಸುಮಾರು ಮೂರು ಕಿಲೋಮೀಟರ್ ಸುರಂಗ. 1998ರ ಜನವರಿ 26ಕ್ಕೆ ಪೂರ್ತಿ ಮಾರ್ಗ ತೆರೆಯಿತು. ಮೊದಲ ವರ್ಷಗಳಲ್ಲಿ ಬಡ್ಡಿ ಕಟ್ಟಿಯೇ ನಿಗಮ ಸೋತಿತು, ಬಾಂಡ್ ತೀರಿಸಲು ರೈಲ್ವೆ ಇಲಾಖೆ ಹಣ ಕೊಡಬೇಕಾಯಿತು. ಪುಸ್ತಕದ ಲೆಕ್ಕದಲ್ಲಿ ಅದು ಸೋಲು. ಆದರೆ ಭಟ್ಕಳ, ಮುರ್ಡೇಶ್ವರ, ಅಂಕೋಲೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಓದೋಕೆ, ಆಸ್ಪತ್ರೆಗೆ, ಗೋವಾಕ್ಕೆ ಕೆಲಸಕ್ಕೆ ಹೋಗುವವರನ್ನು ಕೇಳಿ. 1990ರಲ್ಲಿ ಹುಟ್ಟದವರ ಹೆಸರಲ್ಲಿ ಮಾಡಿದ ಆ ಸಾಲ ಬೇಡವಾಗಿತ್ತು ಅಂತ ಅವರು ಹೇಳೋದಿಲ್ಲ.

ಇನ್ನೊಂದು ಕಡೆ ನೋಡಿ. 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಹೊತ್ತಿಗೆ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಹೇಗೋ ಬದುಕಿಸಿದರು. ಸೇತುವೆಗೆ ವಯಸ್ಸು ಸುಮಾರು 40. ಯಾಕೆ ಬಿತ್ತು, ಯಾರ ಹೊಣೆ ಅನ್ನೋದು ತನಿಖೆ ಮಾಡುವವರ ಕೆಲಸ. ನಾನು ಹೇಳಬೇಕಾದದ್ದು ಸರ್ಕಾರಿ ಲೆಕ್ಕದ ಪದ್ಧತಿಯ ಬಗ್ಗೆ. ಹೊಸ ಸೇತುವೆ ಕಟ್ಟಿದರೆ ಅದು ಬಂಡವಾಳ ವೆಚ್ಚ. ಇರುವ ಸೇತುವೆಯ ದುರಸ್ತಿ ರಾಜಸ್ವ ವೆಚ್ಚ, ಸಂಬಳ, ಪೆಟ್ರೋಲ್ ಬಿಲ್ಲಿನ ಸಾಲಿಗೆ ಸೇರುವಂಥದ್ದು. ರಾಜಸ್ವ ಕೊರತೆ ಇರಬಾರದು, ಅಂದರೆ ರಾಜಸ್ವ ವೆಚ್ಚ ಬಂದ ರಾಜಸ್ವವನ್ನು ಮೀರಬಾರದು ಅಂತ ಕಾನೂನು. ವಿತ್ತೀಯ ಹೊಣೆಗಾರಿಕೆ ಕಾನೂನನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಸಾಲ ರಾಜ್ಯದ ಉತ್ಪನ್ನದ 25% ಒಳಗೆ, ವಿತ್ತೀಯ ಕೊರತೆ 3% ಒಳಗೆ ಇರಬೇಕು. ಒಳ್ಳೆಯ ಕಾನೂನು. ಆದರೆ ವರ್ಷದ ಕೊನೆಗೆ ಅಂಕಿ ಹೊಂದಿಸಬೇಕಾಗಿ ಬಂದಾಗ ಸಂಬಳ, ಪೆನ್ಷನ್, ಬಡ್ಡಿಗೆ ಕೈ ಹಚ್ಚೋಕೆ ಆಗೋದಿಲ್ಲ, ಕತ್ತರಿಗೆ ಸುಲಭವಾಗಿ ಸಿಗೋದು ದುರಸ್ತಿ. ಹೀಗೆ ಉಳಿಸಿದ 1 ರೂಪಾಯಿ ಪುಸ್ತಕದಲ್ಲಿ ಶಿಸ್ತು ಅಂತ ಕಾಣುತ್ತದೆ. ಅದು ಮುಂದಿನವರಿಗೆ ಹತ್ತು ರೂಪಾಯಿಯ ಖರ್ಚಾಗಿ, ಕೆಲವೊಮ್ಮೆ ಜೀವಹಾನಿಯಾಗಿ ಹೋಗುತ್ತದೆ.

ಶಾಲೆಯದೂ ಇದೇ ಕಥೆ. ಶಾಲೆಯ ಕಟ್ಟಡ ಬಂಡವಾಳ, ಅದರೊಳಗಿನ ಟೀಚರ್ ಸಂಬಳ ರಾಜಸ್ವ. ಜೋಯಿಡಾದ ಕಾಡಿನ ಊರಿನಲ್ಲಿ ಮೇಷ್ಟ್ರು ಇಲ್ಲದ ಕಟ್ಟಡ ಯಾವ ಮಗುವಿಗೆ ಆಸ್ತಿ? ಬಂಡವಾಳ ವೆಚ್ಚಕ್ಕೆ ಸಾಲ ಮಾಡಿದರೆ ಒಳ್ಳೆಯದು, ರಾಜಸ್ವ ವೆಚ್ಚಕ್ಕೆ ಮಾಡಿದರೆ ಕೆಟ್ಟದ್ದು ಅನ್ನೋ ಸಿದ್ಧ ಮಾತನ್ನು ನಾನು ಒಪ್ಪದಿರೋದು ಇದಕ್ಕೇ. ಪೆಟ್ರೋಲ್ ಬಾಂಡು ಕೆಟ್ಟ ಸಾಲ, ಯಾಕೆಂದರೆ ಅದರಿಂದ 2008ರ ಮಗುವಿಗೆ ಉಳಿದದ್ದು ಬಹಳ ಕಮ್ಮಿ. ಆ ಮಗುವಿನ ಅಂಗನವಾಡಿ ಊಟಕ್ಕೆ ಸಾಲ ಮಾಡಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ, ಅದೂ ರಾಜಸ್ವ ವೆಚ್ಚವೇ ಆದರೂ.

ಪ್ರಶ್ನೆಗಳು ತುಂಬ ಬಂದವು. ಮೂರನ್ನು ಮಾತ್ರ ಬರೆಯುತ್ತೇನೆ.

ಬಿಎ ಓದುವ ಹುಡುಗಿಯೊಬ್ಬಳು, ರೂಪಾಯಿ ನಮ್ಮದೇ ಆದ ಮೇಲೆ ಸಾಲ ಯಾಕೆ, ರಿಸರ್ವ್ ಬ್ಯಾಂಕಿನಿಂದ ಅಚ್ಚು ಹಾಕಿಸಿ ಖರ್ಚು ಮಾಡಬಾರದಾ ಅಂತ ಕೇಳಿದಳು. ಸುಮಾರು ಇದೇ ಧಾಟಿಯಲ್ಲಿ ವಾದಿಸುವ ಅರ್ಥಶಾಸ್ತ್ರಜ್ಞರು ಇದ್ದಾರಮ್ಮ, ಅಮೆರಿಕದ ಸ್ಟೆಫನಿ ಕೆಲ್ಟನ್ ಅವರಲ್ಲಿ ಹೆಸರಾದವರು. ಅವರೂ ಮಿತಿ ಇಲ್ಲ ಅನ್ನೋದಿಲ್ಲ, ಮಿತಿ ಹಣದ್ದಲ್ಲ, ಆಳು, ಅಕ್ಕಿ, ಸಿಮೆಂಟು, ಡಾಲರಿನದು ಅನ್ನುತ್ತಾರೆ. ಕೊಳ್ಳೋಕೆ ವಸ್ತು ಇಲ್ಲದಿರುವಾಗ ಹಣ ಸುರಿದರೆ ಬೆಲೆ ಏರುತ್ತದೆ. ಬೆಲೆ ಏರಿದರೆ ದಿನಗೂಲಿಯವರ ತಟ್ಟೆಗೆ ಮೊದಲ ಪೆಟ್ಟು. ಹಾಗಾಗಿ ಅದೂ ಒಂದು ತೆರಿಗೆಯೇ, ವಿಧಾನಸಭೆಯಲ್ಲಿ ಚರ್ಚೆಯಾಗದೆ ಬೀಳುವ ತೆರಿಗೆ.

ನಿವೃತ್ತ ಶಿಕ್ಷಕರೊಬ್ಬರು, 2073ಕ್ಕೆ ಆ 10,000 ಕೋಟಿಯನ್ನು ನಿಜವಾಗಿ ತೀರಿಸುತ್ತಾರಾ ಅಂದರು. ಬಹುಶಃ ಹೊಸ ಬಾಂಡ್ ಮಾರಿ ಹಳೆಯದನ್ನು ತೀರಿಸುತ್ತಾರೆ ಸರ್. ಸರ್ಕಾರಗಳು ಸಾಮಾನ್ಯವಾಗಿ ಮಾಡೋದು ಅದನ್ನೇ, ಅದರಲ್ಲಿ ಮೋಸ ಇಲ್ಲ. ಮನುಷ್ಯನಿಗೆ ಆಯುಷ್ಯ ಮುಗಿಯುತ್ತದೆ, ಬ್ಯಾಂಕಿನವರು ಅಷ್ಟರೊಳಗೆ ಸಾಲ ವಸೂಲಿ ಮಾಡಬೇಕು. ಸರ್ಕಾರಕ್ಕೆ ಆ ಅವಸರ ಇಲ್ಲ. ಬ್ರಿಟನ್ ಎರಡನೇ ಮಹಾಯುದ್ಧ ಮುಗಿಸಿದಾಗ ಅದರ ಸಾಲ ವರ್ಷದ ಉತ್ಪನ್ನದ ಎರಡು ಪಟ್ಟಿಗೂ ಮೇಲೆ ಇತ್ತು. ಮುಂದಿನ ಮೂವತ್ತು ವರ್ಷದಲ್ಲಿ ಆ ಭಾರ ಇಳಿದದ್ದು ಬಹುಪಾಲು ಆದಾಯ ಬೆಳೆದು, ಬೆಲೆ ಏರಿ. ಅದೇ ವರ್ಷಗಳಲ್ಲಿ ಅಲ್ಲಿ ಎಲ್ಲರಿಗೂ ಉಚಿತ ಆಸ್ಪತ್ರೆ ವ್ಯವಸ್ಥೆಯೂ ಬಂತು.

ಕೊನೆಗೆ ಹೊನ್ನಾವರ ಕಡೆಯ ಒಬ್ಬರು ಎದ್ದು ನಿಂತು ಕೇಳಿದರು. ಆಸ್ತಿ ಮಾಡುವ ಸಾಲ ಸರಿ ಅಂತೀರಿ. ಹಾಗಾದರೆ ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ, ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯೋದು, ಅದೂ ಸರಿಯಾ?

ಇಲ್ಲ, ಅಷ್ಟಕ್ಕೇ ಸರಿ ಆಗೋದಿಲ್ಲ. ಬಾಂಡಿಗೆ ಒಂದು ಒಳ್ಳೆಯ ಗುಣ ಇದೆ. ಅದನ್ನು ಮುಂದಿನವರು ತೀರಿಸಬಹುದು, ಮುಂದೂಡಬಹುದು, ಬಡ್ಡಿ ಇಳಿದಾಗ ಬದಲಾಯಿಸಬಹುದು, ಉಳ್ಳವರ ಮೇಲೆ ತೆರಿಗೆ ಹಾಕಿ ಹೊರೆಯನ್ನು ಬೇರೆಯವರ ಹೆಗಲಿಗೆ ದಾಟಿಸಬಹುದು. ಇಂಥ ಯೋಜನೆಗೆ ಕಡಿದ ಮಳೆಕಾಡಿನ ವಿಷಯದಲ್ಲಿ ಅವರಿಗೆ ಇದರಲ್ಲಿ ಯಾವುದೂ ಸಾಧ್ಯವಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಉಳಿಯುವ ಬಳಸಿದ ಇಂಧನವನ್ನೂ ಹಾಗೆಯೇ ನೋಡಬೇಕು. ವಿದ್ಯುತ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಸಾಲದ ಕಾಗದವನ್ನು ತಲೆಗೆ ಇಷ್ಟು ಅಂತ ಭಾಗಿಸಿ ಎಚ್ಚರಿಸುವವರು ಇಂಥದ್ದನ್ನು ಯಾವತ್ತೂ ಭಾಗಿಸಿ ತೋರಿಸೋದಿಲ್ಲ ಅಂತ ಹೇಳುತ್ತಿದ್ದೇನೆ. ಪಕ್ಕದ ಅರಗಾ, ಬಿಣಗಾ ಕಡೆ ಹೋಗಿ ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತರನ್ನು ಕೇಳಿ. 1986ರಲ್ಲಿ ನೌಕಾನೆಲೆಗೆ ಶಂಕುಸ್ಥಾಪನೆ ಆಯಿತು, ಸಾವಿರಾರು ಕುಟುಂಬಗಳು ಗದ್ದೆ, ಮನೆ, ಕಡಲ ದಂಡೆ ಬಿಟ್ಟು ಬಂದವು. ಹೆಚ್ಚುವರಿ ಪರಿಹಾರಕ್ಕೆ ಎಷ್ಟೋ ಮನೆಗಳಲ್ಲಿ ಅಪ್ಪ ಶುರು ಮಾಡಿದ ಕೋರ್ಟು ಅಲೆದಾಟವನ್ನು ಮಗ ಮುಂದುವರಿಸಬೇಕಾಯಿತು. ಬಾಂಡಿನ ಬಡ್ಡಿ ಒಂದು ದಿನ ತಡವಾದರೆ ದೇಶದ ಮಾನ ಹೋಗುತ್ತದೆ ಅಂತ ಸರ್ಕಾರ ಅದನ್ನು ತಪ್ಪದೆ ಕಟ್ಟುತ್ತದೆ. ಈ ಕುಟುಂಬಗಳಿಗೆ ಕೊಡದೇ ಉಳಿದ ಪರಿಹಾರವನ್ನು ಸರ್ಕಾರದ ಸಾಲ ಅಂತ ಬರೆದುಕೊಳ್ಳುವ ಪದ್ಧತಿಯೇ ನಮ್ಮಲ್ಲಿಲ್ಲ.